ರೂಟಿನಲ್ಲಿಲ್ಲದ ಸ್ಟಾಪು

ನಾಯಿ ಎಂದರೆ ನನಗೆ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪ್ರಾಣಿದಯೆಯ ಮನುಷ್ಯ ಎಂದು ತಪ್ಪು ತಿಳಿಯುವುದು ಬೇಡ. ಬಸ್ಸಿನ ಕಂಡಕ್ಟರಾಗಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಬುಟ್ಟಿಯಲ್ಲಿ ಕೋಳಿ ತಂದವರನ್ನು, ಮೇಕೆಮರಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡವರನ್ನು, ಒಮ್ಮೆ ಗೋಣಿಚೀಲದಲ್ಲಿ ಆಮೆ ತಂದ ಮಹಾನುಭಾವನನ್ನೂ ಹತ್ತಿಸಿಕೊಂಡಿದ್ದೇನೆ. ನಾಯಿ ತಂದವರನ್ನು ಮಾತ್ರ ಮೆಟ್ಟಿಲ ಮೇಲೆಯೇ ತಡೆದು ನಿಲ್ಲಿಸುತ್ತಿದ್ದೆ.

ಅಂಥ ನನಗೆ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ನಾನು ಅಣ್ಣ ಎಂದೇ ಕರೆಯುವ ನಮ್ಮ ಬಸ್ಸಿನ ಡ್ರೈವರ್‌ನ ಮಗಳು. ನಾನೂ ಅವಳಪ್ಪನೂ ಅಷ್ಟೂ ವರ್ಷ ಒಂದೇ ಬಸ್ಸಿನಲ್ಲಿದ್ದೆವು. ಅವನ ಕೈಯಲ್ಲಿ ಸ್ಟೀರಿಂಗು, ನನ್ನ ಹೆಗಲಲ್ಲಿ ಚೀಲ. ಬಸ್ಸು ನಿಂತ ಮೇಲೆ ನಾನು ಊರಿನ ಆ ತುದಿಗೆ ಮನೆ ಬದಲಾಯಿಸಿದೆ, ಅವನು ಈ ತುದಿಯಲ್ಲೇ ಉಳಿದ. ಎರಡು ಮದುವೆ, ಒಂದು ಸಾವು, ಅಷ್ಟರಲ್ಲೇ ನಮ್ಮ ಭೇಟಿ ಮುಗಿದಿತ್ತು. ಅವನು ಒಂದು ದಿನವೂ ಫೋನು ಮಾಡಿ ಹೇಗಿದ್ದೀಯ ಎಂದು ಕೇಳಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು, ಸುಳ್ಳೇಕೆ ಹೇಳಲಿ.

"ಚಿಕ್ಕಪ್ಪಾ, ಅಪ್ಪ ಸೊಂಟ ಮುರ್ಕೊಂಡಿದ್ದು ಗೊತ್ತಲ್ಲ? ನಾಯಿನ ಇನ್ನು ಇಟ್ಕೊಳ್ಳಕ್ಕೆ ಆಗ್ತಿಲ್ಲ," ಎಂದಳು. "ಇವತ್ತು ಮಧ್ಯಾಹ್ನ ಒಬ್ರು ಬಂದು ತಗೊಂಡು ಹೋಗ್ತಾರೆ. ಅದಕ್ಕೆ ಮುಂಚೆ ನೀವೊಂದ್ಸಲ ಬರ್ತೀರಾ? ನಿನ್ನೆ ರಾತ್ರಿ ಅಪ್ಪ ನಿಮ್ಮನ್ನ ನೆನೆಸ್ಕೊಂಡ್ರು. 'ಅವನನ್ನ ಒಂದ್ಸಲ ಕರ್ಸು' ಅಂದ್ರು, ಅಷ್ಟೇ."

ಎರಡು ಬಸ್ಸು ಬದಲಾಯಿಸಿ ಹೋದೆ.

ಬಾಗಿಲಿನ ಪಕ್ಕದ ಕೋಣೆಗೆ ಮಂಚ ಇಳಿಸಿದ್ದರು. ಅಣ್ಣ ಕಿಟಕಿಯ ಹತ್ತಿರ, ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಮುಂದೆ ಹಿಡಿದು ನಡೆಯುವ ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು. ಸ್ಟೀರಿಂಗು ತಿರುಗಿಸಿ ತಿರುಗಿಸಿ ಕಂಬದಂತಾಗಿದ್ದ ತೋಳು ಈಗ ಅಂಗಿಯ ತೋಳಿನೊಳಗೆ ಎಲ್ಲೋ ಕಳೆದುಹೋದ ಹಾಗಿತ್ತು. ಅವನ ಚಪ್ಪಲಿಯ ಮೇಲೆ ಗದ್ದವಿಟ್ಟುಕೊಂಡು ಕಂದು ಬಣ್ಣದ, ಒಂದು ಕಿವಿ ಮಡಚಿದ ನಾಯಿ ಮಲಗಿತ್ತು. ಅದಕ್ಕೆ ಅವನಿಟ್ಟಿದ್ದ ಹೆಸರು ಕ್ಲೀನರ್. ತಟ್ಟೆ ನೆಕ್ಕಿ ಚೊಕ್ಕ ಮಾಡುತ್ತದೆ ಎಂದು ಆ ಹೆಸರು ಎಂಬುದು ಮಗಳ ವಿವರಣೆ.

"ಬಂದ್ಯಾ?" ಎಂದ ಅಣ್ಣ.

"ಬಂದೆ," ಎಂದೆ.

ಅಲ್ಲಿಗೆ ನಮ್ಮ ಕುಶಲೋಪರಿ ಮುಗಿಯಿತು. ಅವನು ಮೊದಲಿನಿಂದಲೂ ಹೀಗೆಯೇ, ಮಾತಾಡಿದರೆ ಡೀಸೆಲ್ ಖರ್ಚಾಗುತ್ತದೆ ಎನ್ನುವ ಹಾಗೆ. ಬಸ್ಸಿನಲ್ಲಿ ಇಬ್ಬರ ಮಾತನ್ನೂ ನಾನೇ ಆಡುತ್ತಿದ್ದೆ.

ವಿಷಯವನ್ನು ಮಗಳು ಅಡುಗೆಮನೆಯಲ್ಲಿ ನಿಂತು ಬಿಡಿಸಿ ಹೇಳಿದಳು. ಅವಳು ಆಸ್ಪತ್ರೆಯ ನರ್ಸು, ಒಂದು ವಾರ ಹಗಲು, ಒಂದು ವಾರ ರಾತ್ರಿ. ಬೀದಿಯ ತುದಿಯಲ್ಲಿ, ಕಾಡಿನೊಳಗೆ ಕಾವಲುಗಾರನ ಪಾಳುಮನೆಯ ತನಕ ಹೋಗುವ ಕಾಲುದಾರಿಯಿದೆ. ಐದು ವರ್ಷದಿಂದ ಅಣ್ಣ ದಿನಾ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲೇ ಬೇರಿಗೆ ಕಾಲು ಸಿಕ್ಕಿ ಬಿದ್ದದ್ದು. ಆವತ್ತಿನಿಂದ ನಾಯಿ ಆ ದಾರಿ ಪೂರ್ತಿ ತಿರುಗಿಲ್ಲ. ಬೀದಿಗೆ ಕರೆದೊಯ್ದರೆ ವಾಹನ ಕಂಡಾಗಲೆಲ್ಲ ಬೊಗಳಿ ಜೀವ ತಿನ್ನುತ್ತದೆ. ಕಾಡಿಗೆ ಕರೆದೊಯ್ದರೆ ಮೊದಲ ದೊಡ್ಡ ಮರದ ಕೆಳಗೆ ಕೂತುಬಿಡುತ್ತದೆ, ಜಪ್ಪಯ್ಯ ಎಂದರೂ ಏಳುವುದಿಲ್ಲ. ಅವಳು ನೋಡಿದಳು, ಪಕ್ಕದ ಮನೆಯವರು ನೋಡಿದರು, ನಾಯಿ ತಿರುಗಿಸುವುದನ್ನೇ ಕಸುಬು ಮಾಡಿಕೊಂಡ ಒಬ್ಬಾತನೂ ನೋಡಿದ. ಎಲ್ಲರೂ ಅದೇ ಮರದಿಂದ ವಾಪಸು. ತಿರುಗಾಟವಿಲ್ಲದೆ ಮನೆಯಲ್ಲಿ ಹಗಲೆಲ್ಲ ಊಳಿಡುತ್ತದೆ, ಬೀದಿಯವರು ಜಗಳಕ್ಕೆ ಬರುತ್ತಾರೆ.

"ಯಾರಾದ್ರೂ ಒಬ್ರು ದಿನಾ ಆ ದಾರೀಲಿ ತಿರುಗಿಸ್ಕೊಂಡು ಬಂದ್ರೆ ಸಾಕು ಚಿಕ್ಕಪ್ಪ, ನಾನ್ಯಾಕೆ ಕೊಡ್ಲಿ? ಅಪ್ಪ ಅದರ ಜೊತೆ ಬಿಟ್ರೆ ಯಾರ ಜೊತೇನೂ ಮಾತಾಡಲ್ಲ. ಅದು ಹೋದ್ರೆ..." ಎಂದವಳು ಮಾತು ನಿಲ್ಲಿಸಿ ಲೋಟ ತೊಳೆಯತೊಡಗಿದಳು. ಆ ಲೋಟ ಆಗಲೇ ತೊಳೆದದ್ದಾಗಿತ್ತು.

"ನಾನು ತಿರುಗಿಸಿ ತೋರಿಸ್ತೀನಿ," ಎಂದೆ. ನನ್ನ ಬಾಯಿಯ ಹಣೆಬರಹವೇ ಅದು, ತಲೆಯನ್ನು ಕೇಳದೆ ಹೊರಡುತ್ತದೆ. "ಪೂರ್ತಿ ದಾರಿ ಹೋಗಿ ಬಂದ್ರೆ ನಾಯಿ ಇಲ್ಲೇ ಇರುತ್ತಲ್ಲ?"

"ಇರುತ್ತೆ. ಆದ್ರೆ ಅವ್ರು ಬರೋದ್ರೊಳಗೆ ಬನ್ನಿ."

ಹಗ್ಗ ಹಿಡಿದು ಅಣ್ಣನ ಮುಂದೆ ನಿಂತೆ. "ಏನಾದ್ರೂ ಹೇಳೋದಿದೆಯಾ ಅಣ್ಣಾ? ಇದರ ಗುಣ, ಅವಗುಣ?"

ಅವನ ತುಟಿ ಅಲುಗಿತು. ಮಗಳ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. "ಏನಿಲ್ಲ. ಹೋಗಿ ಬಾ," ಎಂದ.

ಕಾಡುದಾರಿಯ ಬಾಯಲ್ಲಿ ಒಂದು ಮರದ ಗೇಟು, ಪಕ್ಕದಲ್ಲಿ ನಾಯಿಗಳನ್ನು ಹಗ್ಗದಲ್ಲೇ ಹಿಡಿದಿರಬೇಕು ಎಂಬ ಬೋರ್ಡು. ನನ್ನ ಮಟ್ಟಿಗೆ ನನ್ನನ್ನೇ ಹಗ್ಗದಲ್ಲಿ ಹಿಡಿದ ಹಾಗಿತ್ತು. ಕ್ಲೀನರ್ ಮುಂದೆ, ನಾನು ಹಿಂದೆ ಎಳೆದಾಟ. ಗೇಟು ದಾಟಿದೊಡನೆ ಬೀದಿಯ ಬಿಸಿಲು ಹಿಂದೆಯೇ ಉಳಿಯಿತು. ಮೇಲೆ ಕೊಂಬೆಗಳು ಒಂದಕ್ಕೊಂದು ತೋಳು ಹಾಕಿಕೊಂಡು ಬೆಳಕನ್ನು ಸೋಸಿ ಬಿಡುತ್ತಿದ್ದವು. ಯಾವ ಮರ ಏನು ಎತ್ತ ಎಂದು ನನ್ನನ್ನು ಕೇಳಬೇಡಿ, ನನಗೆ ಎಲ್ಲವೂ ಮರವೇ. ಆದರೆ ತಣ್ಣಗಿತ್ತು, ಒದ್ದೆ ಎಲೆಯ ವಾಸನೆಯಿತ್ತು, ಎಲ್ಲೋ ಒಂದು ಹಕ್ಕಿ ಹೇಳಿದ್ದನ್ನೇ ಹೇಳುತ್ತಿತ್ತು. ಇಲ್ಲಿ ದಿನಾ ಬರಬೇಕು ಎಂದು ಅಣ್ಣನಿಗೆ ಯಾಕೆ ಅನ್ನಿಸಿತೋ ಸ್ವಲ್ಪ ಗೊತ್ತಾಯಿತು.

ಮೊದಲ ದೊಡ್ಡ ಮರ ಬಂತು. ಕ್ಲೀನರ್ ಕೂತಿತು.

ಕೂತಿತು ಎಂದರೆ ಸುಮ್ಮನೆ ಅಲ್ಲ. ದಾರಿಯ ಎಡಕ್ಕೆ ಸರಿದು, ಮೂತಿ ಮುಂದಕ್ಕೆ ಮಾಡಿ, ಅಲ್ಲಾಡದೆ ಕೂತಿತು. ಎಳೆದೆ. ಬಿಸ್ಕತ್ತು ತೋರಿಸಿದೆ; ತಿಂದಿತು, ಮತ್ತೆ ಮೂತಿ ಮುಂದಕ್ಕೆ. ಮುದ್ದು ಮಾಡಿದೆ, ನನಗೇ ಹೇಸಿಗೆಯಾಗುವಷ್ಟು. ಬೈದೆ. "ನಿನ್ನ ಯಜಮಾನನ ಸಲುವಾಗಿ ಕಣೋ ಬಂದಿರೋದು, ನಿನ್ನ ಮುಖ ನೋಡಕ್ಕಲ್ಲ," ಎಂದೆ. ಕೊನೆಗೆ ಸೋತು ಬೇರಿನ ಮೇಲೆ ಕೂತುಕೊಂಡೆ. ಮಧ್ಯಾಹ್ನ ಬರುವವರ ಕಾರು, ಅದರ ಹಿಂದಿನ ಸೀಟಿನಲ್ಲಿ ಈ ಮಡಚಿದ ಕಿವಿ, ಕಿಟಕಿಯ ಹತ್ತಿರ ಆ ಕುರ್ಚಿ. ಕಣ್ಣ ಮುಂದೆ ಬಂದುಬಿಟ್ಟಿತು.

ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಸಂಸಾರ ಬಂತು. ಅಜ್ಜಿ, ಸೊಸೆಯಂದಿರು, ಮಕ್ಕಳು ಮರಿ, ಊಟದ ಬುತ್ತಿ. ನಾಯಿಯನ್ನು ಕಂಡು ಮಕ್ಕಳು ಹೆದರಿ ದಾರಿಯ ನಡುವೆ ಗುಂಪಾಗಿ ನಿಂತವು. ನನ್ನ ಬಾಯಿ ತಲೆಯನ್ನು ಕೇಳುವುದಿಲ್ಲ ಎಂದೆನಲ್ಲ. ಎದ್ದು ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ! ಅಜ್ಜಿನ ಬಿಡಿ! ಹಾಂ, ರೈಟ್!" ಎಂದು ಕೂಗಿದೆ.

ಸಂಸಾರ ನಗುತ್ತಾ ಮುಂದೆ ಹೋಯಿತು. ಕ್ಲೀನರ್ ಎದ್ದು, ಮೈ ಕೊಡವಿ, ನಡೆಯತೊಡಗಿತು.

ನಾನು ಬೆಪ್ಪನ ಹಾಗೆ ಅದರ ಹಿಂದೆ ನಡೆದೆ. ದಾರಿ ಏರತೊಡಗಿತು. ಏರು ಮುಗಿಯುವಲ್ಲಿ, ಉರುಳಿಬಿದ್ದ ಒಂದು ಮರದ ಪಕ್ಕ ಮತ್ತೆ ಎಡಕ್ಕೆ ಸರಿದು ಕೂತಿತು. ಸುತ್ತ ಯಾರೂ ಇರಲಿಲ್ಲ. ಮೆಲ್ಲಗೆ, ನಾಚಿಕೊಂಡೇ, "ರೈಟ್," ಎಂದೆ. ಎದ್ದಿತು.

ಮೂರನೆಯ ಸಲ ಒಂದು ಹಲಗೆಯ ಸೇತುವೆ ದಾಟಿ ಕೂತಾಗ ನಾನು ಜೋರಾಗಿ, "ರೈಟ್!" ಎಂದೆ. ಏಳಲಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡಿತು. ಇಷ್ಟು ಬೇಗವಾ, ಎಂದು ಕೇಳುವ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ, "ರೈಟ್," ಎಂದೆ. ಎದ್ದಿತು.

ಆಗ ನನಗೆ ಹೊಳೆಯಿತು. ಇದು ಆಸ್ಪತ್ರೆ ಸ್ಟಾಪು!

ನಮ್ಮ ರೂಟಿನಲ್ಲಿ ಮೊದಲು ಹಾಲಿನ ಡೈರಿ. ಆಮೇಲೆ ಏರು ಹತ್ತಿ ಮರ ಕೊಯ್ಯುವ ಸಾಮಿಲ್ಲು. ಅಲ್ಲಿಂದ ಸೇತುವೆ ದಾಟಿ ಆಸ್ಪತ್ರೆ. ಆಸ್ಪತ್ರೆಯಲ್ಲಿ ಮಾತ್ರ ನಾನು ರೈಟ್ ಅಂದರೂ ಅಣ್ಣ ಬಸ್ಸು ಬಿಡುತ್ತಿರಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಕೈಗೆ ಪಟ್ಟಿ ಕಟ್ಟಿಸಿಕೊಂಡವರು, ಹಸಿಬಾಣಂತಿಯರು, ಔಷಧಿಯ ಬಾಟಲಿ ಹಿಡಿದ ಮುದುಕರು ಕೊನೆಯವರ ತನಕ ಕೂತದ್ದನ್ನು ಕಂಡ ಮೇಲೆ ನಾನು ಇನ್ನೊಂದು ಸಲ ರೈಟ್ ಅನ್ನಬೇಕು, ಆಗಲೇ ಗೇರು. ಲೇಟಾಯಿತು ಎಂದು ನಾನು ಕೂಗಾಡುತ್ತಿದ್ದೆ. ಅವನದು ಒಂದೇ ಉತ್ತರ, "ಕೂತ್ಕೊಳ್ಳಿ ತಡಿ."

ಉಳಿದ ಸ್ಟಾಪುಗಳಲ್ಲಿ ಮಾತ್ರ ನನ್ನ ಮಾತೇ ಅಂತಿಮ. ಎದುರಿಗೆ ರಸ್ತೆ ಎಷ್ಟೇ ಖಾಲಿಯಿರಲಿ, ಹಿಂದಿನ ಬಸ್ಸು ಎಷ್ಟೇ ಹಾರನ್ ಹೊಡೆಯಲಿ, ನಾನು ರೈಟ್ ಅನ್ನುವ ತನಕ ಅವನ ಕಾಲು ಕ್ಲಚ್ಚಿನಿಂದ ಏಳುತ್ತಿರಲಿಲ್ಲ. ನೂರು ಜನ ತುಂಬಿದ ಬಸ್ಸು ನನ್ನ ಒಂದು ಮಾತಿಗೆ ಹೊರಡುತ್ತಿತ್ತು. ಮನೆಯಲ್ಲಿ ನನ್ನ ಮಾತಿಗೆ ಒಂದು ಲೋಟ ನೀರೂ ಹೊರಡುತ್ತಿರಲಿಲ್ಲ, ಆ ಮಾತು ಬೇರೆ.

ಹಾಗಾದರೆ ಐದು ವರ್ಷದಿಂದ ಅಣ್ಣ ಈ ಕಾಡಿನೊಳಗೆ ನಮ್ಮ ಬಸ್ಸು ಓಡಿಸುತ್ತಿದ್ದ. ಬಾಯಿಬಿಟ್ಟರೆ ಮುತ್ತು ಉದುರುತ್ತದೆ ಎಂಬಂತಿದ್ದ ಮನುಷ್ಯ, ದಿನಾ ಈ ಮರಗಳ ಕೆಳಗೆ ನಿಂತು, ನನ್ನ ಹಾಗೆ ಕೂಗುತ್ತಿದ್ದ. ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. ಅವನು ನನ್ನನ್ನು ಮರೆತೇಬಿಟ್ಟಿದ್ದಾನೆ ಎಂದುಕೊಂಡು ಎಷ್ಟು ಸಲ ಹೆಂಡತಿಯ ಮುಂದೆ ಗೊಣಗಿದ್ದೆನೋ.

ಆಮೇಲೆ ನನಗೆ ನಾಚಿಕೆಯೂ ಉಳಿಯಲಿಲ್ಲ. "ಶಾಲೆ, ಶಾಲೆ, ಶಾಲೆ! ಯಾರ್ರೀ ಶಾಲೆ?" ಎಂದು ಕೂಗುತ್ತಾ ನಡೆದೆ. ಕ್ಲೀನರಿನ ಬಾಲ ಗಡಿಯಾರದ ಲೋಲಕದ ಹಾಗೆ ಆಡತೊಡಗಿತು. ತಿರುವಿನಲ್ಲಿ ಕೂತಿತು. ಅಲ್ಲಿ ನಾನು ಮನಸ್ಸಿನಲ್ಲೇ ಹೆಣ್ಣುಮಕ್ಕಳನ್ನೆಲ್ಲ ಹತ್ತಿಸಿಕೊಂಡೆ; ಎರಡು ಜಡೆ, ಬೆನ್ನಿನ ಚೀಲ, ಇಡೀ ಬಸ್ಸು ಗುಬ್ಬಚ್ಚಿ ಗೂಡು. ಅವರಲ್ಲಿ ಒಬ್ಬಳು ದಿನಾ ಅಣ್ಣನ ಪಕ್ಕ, ಇಂಜಿನ್ನಿನ ಬಾನೆಟ್ಟಿನ ಮೇಲೆ ಕೂತು ಪಾಠ ಬಾಯಿಪಾಠ ಮಾಡುತ್ತಿದ್ದಳು, ತಪ್ಪಿದರೆ ಇಡೀ ಬಸ್ಸು ತಿದ್ದುತ್ತಿತ್ತು. ಸಾಮಿಲ್ಲಿನವರು ಹತ್ತಿದರೆ ತಲೆಯಿಂದ ಮರದ ಹೊಟ್ಟು ಉದುರಿ ಸಂಜೆಗೆ ನನ್ನ ಚೀಲದ ತಳದಲ್ಲಿ ಒಂದು ಹಿಡಿ ಸಿಗುತ್ತಿತ್ತು. ಅದರ ವಾಸನೆ ಈಗಲೂ ಮೂಗಿನಲ್ಲಿದೆ. ಆ ದಿನಗಳು ಚೆನ್ನಾಗಿದ್ದವು. ಆಗ ಕಾಲು ನೋವು, ಬೆವರು, ಚಿಲ್ಲರೆ ಜಗಳ ಎಂದು ಶಪಿಸುತ್ತಿದ್ದೆ. ಚೆನ್ನಾಗಿದ್ದವು ಎಂದು ಗೊತ್ತಿರಲಿಲ್ಲ, ಅಷ್ಟೇ.

ಒಂದು ಬಯಲಿನಲ್ಲಿ, ಕಲ್ಲಿನ ಬೆಂಚುಗಳಿದ್ದ ಕಡೆ ಕ್ಲೀನರ್ ಕೂತಾಗ, ನಮ್ಮ ಬಸ್‌ಸ್ಟ್ಯಾಂಡು ಬಂತು. ಅಲ್ಲಿಗೆ ನಮ್ಮ ರೂಟು ಮುಗಿಯಿತು. ಆದರೆ ದಾರಿ ಮುಗಿದಿರಲಿಲ್ಲ, ಇನ್ನೂ ಸ್ವಲ್ಪ ಮುಂದೆ, ಕಾವಲುಗಾರನ ಪಾಳುಮನೆಯ ತನಕ ಹೋಗುತ್ತಿತ್ತು. ಗೆದ್ದೆ ಎಂದುಕೊಂಡು ಹಗ್ಗ ಸಡಿಲ ಬಿಟ್ಟು ನಡೆದೆ.

ಮರಗಳು ತೀರಾ ದಟ್ಟವಾಗಿ, ಹಗಲಲ್ಲೇ ಸಂಜೆಯಾದಂತಿದ್ದ ಒಂದು ಜಾಗದಲ್ಲಿ ಕ್ಲೀನರ್ ಇದ್ದಕ್ಕಿದ್ದಂತೆ ಕೂತಿತು. ಅಲ್ಲಿ ತಿರುವಿಲ್ಲ, ಸೇತುವೆಯಿಲ್ಲ, ಗುರುತು ಎನ್ನುವಂಥದ್ದು ಏನೂ ಇಲ್ಲ. "ರೈಟ್," ಎಂದೆ. ಏಳಲಿಲ್ಲ. ಕಾದು ಇನ್ನೊಂದು ಸಲ ಅಂದೆ. ಇಲ್ಲ. ಬಾಯಲ್ಲಿ ಸೀಟಿ ಊದಿದೆ, ಮರದ ಕಾಂಡವನ್ನೇ ಬಸ್ಸಿನ ಮೈ ಎಂದುಕೊಂಡು ಅಂಗೈಯಿಂದ ಬಡಿದೆ. ಏನು ಮಾಡಿದರೂ ಇಲ್ಲ. ಹಗ್ಗ ಹಿಡಿದು ಎಳೆದಾಗ ಅದು ಹಿಂದಕ್ಕೆ ಜಗ್ಗಿ ಕುಂಯ್‌ಗುಟ್ಟಿತು. ಅಲ್ಲಿಂದಲೇ ತಿರುಗಿ ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ನಿಜ. ಆದರೆ ಅಣ್ಣ ಕೇಳುತ್ತಾನೆ. ಅವನು ಕೇಳಿದರೆ ನನ್ನಿಂದ ಸುಳ್ಳು ಹೇಳಲಾಗುವುದಿಲ್ಲ.

ಬಸ್‌ಸ್ಟ್ಯಾಂಡು ಆದ ಮೇಲೆ ಯಾವ ಸ್ಟಾಪು? ಯಾವುದೂ ಇಲ್ಲ. ಕೊನೆಯ ಟ್ರಿಪ್ಪು ಮುಗಿದ ಮೇಲೆ ಜನ ಎಲ್ಲ ಇಳಿದು, ಮಾಲೀಕರ ಆಫೀಸಿಗೆ ಲೆಕ್ಕ ಒಪ್ಪಿಸಿ, ಖಾಲಿ ಬಸ್ಸು ಶೆಡ್ಡಿಗೆ ಹೋಗುವುದಷ್ಟೇ. ಬಸ್ಸಿನಲ್ಲಿ ಆಗ ಇರುತ್ತಿದ್ದವರು ನಾವಿಬ್ಬರೇ. ಒಳಗಿನ ದೀಪ ಆರಿಸಿ, ನಾನು ಮುಂದಿನ ಸೀಟಿನಲ್ಲಿ ಚಪ್ಪಲಿ ಕಳಚಿ ಕಾಲು ಚಾಚಿ...

ನಮ್ಮ ಗಲ್ಲಿ!

ಶೆಡ್ಡಿನ ದಾರಿಯಲ್ಲೇ ನಮ್ಮ ಹಳೆಯ ಮನೆಯ ಗಲ್ಲಿಯಿತ್ತು. ನಿಲ್ಲಿಸು ಎಂದು ನಾನು ಒಂದು ದಿನವೂ ಹೇಳಿದವನಲ್ಲ. ಅವನಾಗಿಯೇ ನಿಲ್ಲಿಸುತ್ತಿದ್ದ. ಆ ಒಂದು ಜಾಗದಲ್ಲಿ ಇಳಿಯುವವನು ನಾನು, ಹಾಗಾಗಿ ರೈಟ್ ಅನ್ನುವವರೇ ಇರಲಿಲ್ಲ. ಅಲ್ಲಿ ಮಾತಾಡುತ್ತಿದ್ದವನು ಅವನು. ಇಡೀ ದಿನಕ್ಕೆ ಅವನು ತಾನಾಗಿ ಆಡುತ್ತಿದ್ದ ಮಾತು ಅದೊಂದೇ, ತಲೆ ತಿರುಗಿಸದೆ, ರಸ್ತೆ ನೋಡಿಕೊಂಡೇ.

ನಾನು ಕ್ಲೀನರಿನ ಪಕ್ಕ ಮಂಡಿಯೂರಿದೆ. "ಮೆಟ್ಟಿಲು ನೋಡ್ಕೊಂಡು ಇಳಿಯೋ," ಎಂದೆ. "ಬಿದ್ದಗಿದ್ದರೆ ನಾಳೆ ಬೇರೆ ಯಾವನೋ ಕಂಡಕ್ಟರನ್ನ ಹತ್ತಿಸ್ತಾರೆ."

ನಾಯಿ ಎದ್ದಿತು. ನನ್ನ ಮುಖವನ್ನು ಒಮ್ಮೆ ಮೂಸಿತು, ಮುಂದೆ ನಡೆಯಿತು. ನಾನು ಮಾತ್ರ ಸ್ವಲ್ಪ ಹೊತ್ತು ಏಳಲಾರದೆ ಅಲ್ಲೇ ಇದ್ದೆ, ಹಗ್ಗ ಬಿಗಿಯಾಗುವ ತನಕ.

ನಾವು ಮರಳಿದಾಗ ಬಾಗಿಲ ಮುಂದೆ ಕಾರು ನಿಂತಿತ್ತು. ಒಳಗೆ ಗಂಡ ಹೆಂಡತಿ, ಒಳ್ಳೆಯ ಜನವೇ, ನಾಯಿಗೆಂದು ಹೊಸ ಹಾಸಿಗೆ ತಂದಿದ್ದರು. ಮಗಳು ನನ್ನ ಕೆಸರಾದ ಮಂಡಿ ನೋಡಿದಳು, ನಾಲಿಗೆ ಚಾಚಿ ಸಂತೋಷದಿಂದ ಏದುಸಿರು ಬಿಡುತ್ತಿದ್ದ ನಾಯಿಯನ್ನು ನೋಡಿದಳು.

"ಎಲ್ಲೀವರೆಗೂ ಹೋಗಿದ್ರಿ?"

"ಪಾಳುಮನೆವರೆಗೂ."

ಅವಳು ಬಂದವರ ಮುಂದೆ ಕೈ ಮುಗಿದು, ದಯವಿಟ್ಟು ಕ್ಷಮಿಸಿ, ನಾಯಿ ಕೊಡುವುದಿಲ್ಲ ಎಂದಳು. ಅವರು ಸ್ವಲ್ಪ ಗೊಣಗಿ, ಹಾಸಿಗೆ ಎತ್ತಿಕೊಂಡು ಹೋದರು. ಕಾರಿನ ಸದ್ದು ಹೋದ ಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು. "ಅದೇನು ಮಾಡಿದ್ರಿ ಚಿಕ್ಕಪ್ಪಾ? ಹೇಳ್ಕೊಡಿ, ನಾನೂ ಕರ್ಕೊಂಡು ಹೋಗ್ತೀನಿ. ಪಕ್ಕದ ಮನೆಯವ್ರಿಗೂ ಹೇಳ್ತೀನಿ. ನೀವು ಆ ತುದಿಯಿಂದ ದಿನಾ ಎಲ್ಲಿ ಬರ್ತೀರಾ?"

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ದಿನಕ್ಕೆ ನಾಲ್ಕು ಬಸ್ಸು, ನನ್ನ ಈ ಮಂಡಿ, ಆ ಏರು, ಎಲ್ಲದರಿಂದ ಪಾರಾಗುತ್ತಿದ್ದೆ. ಅಣ್ಣನ ಕಡೆ ನೋಡಿದೆ. ಅವನ ಎರಡೂ ಕೈ ಕಬ್ಬಿಣದ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು. ಮುಖ ಕೆಂಪಾಗಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲ ನೋಡುತ್ತಿದ್ದ. ನಾಯಿ ಹೋದರೂ ಹೋಗಲಿ, ತಾನು ಕಾಡಿನಲ್ಲಿ ನಿಂತು ಬಸ್ಸಾಟ ಆಡುತ್ತಿದ್ದೆ ಎಂದು ಮಗಳಿಗೆ ಹೇಳಲಾರೆ ಎಂದು ಕೂತಿದ್ದ ಮನುಷ್ಯ ಅವನು.

"ಹೇಳ್ಕೊಡೋ ಅಂಥದ್ದೇನೂ ಇಲ್ಲಮ್ಮ," ಎಂದೆ. "ಈ ನಾಯಿಗೆ ನಾನು ಹಿಡಿಸಿದೀನಿ. ಬೇರೆಯವ್ರ ಜೊತೆ ಬರಲ್ಲ. ದಿನಾ ನಾನೇ ಬರ್ತೀನಿ."

"ನಿಮಗೆ ನಾಯಿ ಕಂಡ್ರೆ ಆಗಲ್ಲ ಅಂತಿದ್ರು ಅಪ್ಪ?"

"ಈಗ್ಲೂ ಆಗಲ್ಲ."

ಅವಳು ನಗುತ್ತಾ ಟೀ ಮಾಡಲು ಒಳಗೆ ಹೋದಳು. ನಾನು ಮಂಚದ ಅಂಚಿನಲ್ಲಿ, ಅಣ್ಣನ ಎದುರಿಗೆ ಕೂತೆ. ಒಳಗೆ ಸ್ಟವ್ ಹಚ್ಚಿದ ಸದ್ದು ಬಂದ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಕೊನೇಲಿ ಒಂದು ಕಡೆ ಕೂತಿರಬೇಕಲ್ಲ?"

"ಕೂತಿತ್ತು."

"ಎಬ್ಬಿಸಿದ್ಯಾ?"

"ಎಬ್ಬಿಸಿದೆ."

ಅವನು ತಲೆಯಾಡಿಸಿದ. "ಹೊರಡುವಾಗ ನಿನಗೆ ಹೇಳ್ಬೇಕಿತ್ತು. ನಾಲಿಗೆ ತುದಿಗೆ ಬಂತು. ಮಗಳು ಇದ್ಲು ಅಂತಲ್ಲ."

"ಮತ್ತೆ?"

"ನೀನು ಇದ್ಯಲ್ಲ," ಎಂದ. "ಒಬ್ಬನ ನೆನಪಾಗ್ತಿತ್ತು ಅಂತ ಅವನ ಮುಖ ನೋಡ್ಕೊಂಡು ಹೆಂಗೆ ಹೇಳೋದು?"

ಇಪ್ಪತ್ತೆರಡು ವರ್ಷ ಇಬ್ಬರ ಮಾತನ್ನೂ ಒಬ್ಬನೇ ಆಡಿದವನು ನಾನು. ಈ ಸಲ ಮಂಚದಿಂದ ಎದ್ದು, ಒಂದು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತೆ, ಅಷ್ಟೇ. ಟೀ ಬರುವ ತನಕ ಇಬ್ಬರೂ ಹಾಗೆಯೇ ಕಿಟಕಿಯ ಹೊರಗಿನ ರಸ್ತೆ ನೋಡುತ್ತಿದ್ದೆವು.